ಜೇನಿಲ್ಲದ ಹೂವಿನ ಎಚ್ಚರಿಕೆ ನೀಡಿದ ರೇಚಲ್ ಕಾರ್ಸನ್

ತೊಗರಿ ಹೂಬಿಡುವ ಹೊತ್ತಿಗೇ ಕಾಯಿಕೊರಕವೂ ಹೊಲಕ್ಕಿಳಿಯುತ್ತದೆ. ಪುರಾತನ ದೇಗುಲಗಳ ಊರಾದ ಶಿರವಾಳವೂ ಸೇರಿದಂತೆ ಶಹಾಪುರ, ಸುರಪುರ ಸೀಮೆಯ ರೈತರಿಗೆ ಈ ಇಕ್ಕಟ್ಟು ಹೊಸದಲ್ಲ. ಔಷಧಿ ಹೊಡೆಯದಿದ್ದರೆ ಬೆಳೆ ಹುಳುವಿನ ಪಾಲು. ಹೂವಿನ ಮೇಲೆ ಜೇನುನೊಣ ಹಾರಾಡುವ ವೇಳೆಯಲ್ಲೇ ಹೊಡೆದರೆ ಹುಳುವಿನ ಜೊತೆಗೆ ಜೇನೂ ಸಾಯುತ್ತದೆ. ಕೃಷ್ಣಾ ಕಾಲುವೆಯ ನೀರು ಹರಿದು ಭತ್ತ, ಹತ್ತಿ, ಮೆಣಸಿನಕಾಯಿ ಹಬ್ಬಿದ ಮೇಲಂತೂ ಸಿಂಪರಣೆ ಈ ಭಾಗದ ಬೇಸಾಯದ ನಿತ್ಯಕರ್ಮವೇ ಆಗಿದೆ. ಕೊಲ್ಲಬೇಕಾದ ಕೀಟವನ್ನೂ ಉಳಿಸಬೇಕಾದ ಕೀಟವನ್ನೂ ವಿಷವು ಬೇರೆ ಮಾಡಿ ನೋಡುವುದಿಲ್ಲ ಎಂಬ ಸತ್ಯವನ್ನು ಜನಸಾಮಾನ್ಯರಿಗೆ ಮನದಟ್ಟು ಮಾಡಿಸಿದವರು ಅಮೆರಿಕದ ಜೀವವಿಜ್ಞಾನಿ ರೇಚಲ್ ಕಾರ್ಸನ್.

ಅವರು ಜನಿಸಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ. ತಾಯಿ ಮರಿಯಾ ಮಗಳನ್ನು ಕಾಡು ತೋಟಗಳಲ್ಲಿ ಸುತ್ತಾಡಿಸಿ ಹಕ್ಕಿ, ಹೂವು, ಕೀಟಗಳ ಪರಿಚಯ ಮಾಡಿಸಿದರು. ಬಾಲ್ಯದಲ್ಲೇ ಕಥೆ ಬರೆದು ಮಕ್ಕಳ ಪತ್ರಿಕೆಯಲ್ಲಿ ಪ್ರಕಟಿಸಿದ್ದ ಹುಡುಗಿ ಕಾಲೇಜಿಗೆ ಸೇರಿದ್ದು ಇಂಗ್ಲಿಷ್ ಸಾಹಿತ್ಯ ಓದಲು. ಆದರೆ ನಡುವೆ ಜೀವವಿಜ್ಞಾನದತ್ತ ತಿರುಗಿದರು. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಮುಂದೆ ಓದುವ ಅವಕಾಶ ಒದಗಲಿಲ್ಲ. 1935ರಲ್ಲಿ ತಂದೆ ತೀರಿಕೊಂಡರು. ಸರ್ಕಾರದ ಮೀನುಗಾರಿಕಾ ಇಲಾಖೆಗೆ ಬಾನುಲಿ ಬರಹ ಬರೆದುಕೊಡುತ್ತ, ಮರುವರ್ಷ ಅಲ್ಲಿಯೇ ವಿಜ್ಞಾನಿಯಾಗಿ ಕಾಯಂ ನೌಕರಿ ಹಿಡಿದರು. 1937ರಲ್ಲಿ ಅಕ್ಕನೂ ತೀರಿಕೊಂಡಾಗ ಆಕೆಯ ಇಬ್ಬರು ಹೆಣ್ಣುಮಕ್ಕಳ ಭಾರ ಇವರ ಹೆಗಲೇರಿತು. ಹಗಲು ಕಚೇರಿ, ರಾತ್ರಿ ಬರವಣಿಗೆ. 1951ರಲ್ಲಿ ಹೊರಬಂದ, ಸಾಗರವನ್ನು ಕುರಿತ ಅವರ ಎರಡನೆಯ ಪುಸ್ತಕ ಅಪಾರ ಜನಪ್ರಿಯತೆ ಗಳಿಸಿತು. ಮರುವರ್ಷ ಅವರು ನೌಕರಿಯನ್ನೇ ಬಿಟ್ಟರು. ಅಲ್ಲಿಗೇ ನಿಂತಿದ್ದರೂ ಕಡಲಿನ ಲೇಖಕಿಯೆಂಬ ಕೀರ್ತಿ ಉಳಿಯುತ್ತಿತ್ತು.

ಡಿಡಿಟಿ ಅವರನ್ನು ಕಾಡಿದ್ದು ಬಹಳ ಹಿಂದೆಯೇ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಹೇನು, ಸೊಳ್ಳೆಗಳ ರೋಗದಿಂದ ಕಾಪಾಡಿದ ಆ ಪುಡಿಯನ್ನು ಜಗತ್ತೇ ಕೊಂಡಾಡುತ್ತಿದ್ದ 1945ರಲ್ಲಿ, ಅದರ ಅಡ್ಡಪರಿಣಾಮಗಳ ಬಗ್ಗೆ ಬರೆಯುವುದಾಗಿ ಹೆಸರಾಂತ ಮಾಸಪತ್ರಿಕೆಯೊಂದಕ್ಕೆ ಕೇಳಿಕೊಂಡಿದ್ದರು. ಪತ್ರಿಕೆ ಒಪ್ಪಲಿಲ್ಲ. 1958ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಗೆಳತಿಯೊಬ್ಬರಿಂದ ಪತ್ರ ಬಂತು. ಸೊಳ್ಳೆ ಕೊಲ್ಲಲು ವಿಮಾನದಿಂದ ಡಿಡಿಟಿ ಸುರಿದ ಮೇಲೆ ತಮ್ಮ ಜಾಗದಲ್ಲಿ ಹಕ್ಕಿಗಳು ಸತ್ತುಬಿದ್ದವೆಂಬ ಅಳಲು ಅದರಲ್ಲಿತ್ತು.

ನಾಲ್ಕು ವರ್ಷ ಕಾರ್ಸನ್ ವೈದ್ಯರು, ಕೀಟಶಾಸ್ತ್ರಜ್ಞರು, ಸರ್ಕಾರಿ ವಿಜ್ಞಾನಿಗಳ ವರದಿಗಳನ್ನು ಜಾಲಾಡಿದರು. ಈ ಅವಧಿ ಅವರ ಪಾಲಿಗೆ ಅತ್ಯಂತ ಕಠಿಣವಾಗಿತ್ತು. ಅಕ್ಕನ ಮಗಳು 1957ರಲ್ಲಿ ಅಕಾಲ ಮರಣಕ್ಕೀಡಾಗಿದ್ದರಿಂದ ಆಕೆಯ ಐದು ವರ್ಷದ ಮಗ ರೋಜರ್‌ನನ್ನು ದತ್ತು ತೆಗೆದುಕೊಂಡಿದ್ದರು. 1958ರ ಡಿಸೆಂಬರ್‌ನಲ್ಲಿ ತಾಯಿ ಅಗಲಿದರು. 1960ರಲ್ಲಿ ಸ್ವತಃ ಅವರಿಗೇ ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯಾಯಿತು. ಕಾಯಿಲೆಯನ್ನು ಅವರು ಗುಟ್ಟಾಗಿಯೇ ಇಟ್ಟರು. ತಮ್ಮ ಬರಹವನ್ನು ರೋಗಿಯೊಬ್ಬಳ ಸಿಟ್ಟೆಂದು ವಿರೋಧಿಗಳು ತಳ್ಳಿಹಾಕಬಾರದಲ್ಲ!

‘ಸೈಲೆಂಟ್ ಸ್ಪ್ರಿಂಗ್’ 1962ರ ಸೆಪ್ಟೆಂಬರ್ 27ರಂದು ಪ್ರಕಟವಾಯಿತು. ಹಕ್ಕಿಗಳ ಪುಸ್ತಕವೆಂದೇ ಅದು ಪ್ರಸಿದ್ಧ. ಆದರೆ ಜೇನುನೊಣ ಅದರ ಆರಂಭದ ಕಲ್ಪಿತ ಊರಿನಲ್ಲೇ ಇದೆ: ಸೇಬಿನ ಮರಗಳು ಹೂತಿವೆ, ಜೇನು ಸುಳಿಯುವುದಿಲ್ಲ, ಆದ್ದರಿಂದ ಕಾಯಿ ಕಚ್ಚುವುದಿಲ್ಲ. ರಸ್ತೆಬದಿಯ ಕಳೆಗಳಿಗೆ ಕಳೆನಾಶಕ ಹೊಡೆದರೆ ಬೆಳೆ ಹೂಬಿಡದ ಕಾಲದಲ್ಲಿ ಜೇನಿಗೆ ಆಹಾರವೇ ಇಲ್ಲವಾಗುತ್ತದೆ ಎಂಬುದನ್ನೂ ಅವರು ವಿವರಿಸಿದರು. ಗಿಡದ ರಸದಲ್ಲಿ ಸೇರಿ ಇಡೀ ಗಿಡವನ್ನೇ ವಿಷವಾಗಿಸುವ ಅಂತರ್ವ್ಯಾಪಿ ಕೀಟನಾಶಕಗಳ ಬಗ್ಗೆ ಬರೆಯುತ್ತ, ಜೇನುನೊಣವು ವಿಷದ ಮಕರಂದವನ್ನು ಗೂಡಿಗೆ ಒಯ್ಯುವ ದಿನವನ್ನು ಕಲ್ಪಿಸಿದರು. ಅವರ ದೂರದೃಷ್ಟಿ ಎದ್ದು ಕಾಣುವುದು ಹಕ್ಕಿಯ ಪುಟಗಳಿಗಿಂತ ಈ ಪುಟದಲ್ಲಿಯೇ ಎನ್ನಬೇಕು.

ರಾಸಾಯನಿಕ ಉದ್ಯಮ ಕೆರಳಿತು. ಕಂಪನಿಯೊಂದು ಮೊಕದ್ದಮೆಯ ಬೆದರಿಕೆ ಹಾಕಿತು. ಮದುವೆಯಾಗದ ಹೆಣ್ಣು, ಡಾಕ್ಟರೇಟ್ ಇಲ್ಲದವಳು ಎಂಬ ಹೀಗಳಿಕೆಯೂ ಬಂತು. ಕೀಟನಾಶಕವನ್ನು ಸಂಪೂರ್ಣ ನಿಲ್ಲಿಸಿರೆಂದು ಅವರು ಎಲ್ಲಿಯೂ ಹೇಳಿರಲಿಲ್ಲ. ವಿವೇಚನೆಯಿಲ್ಲದ ಬಳಕೆ ಬೇಡ, ಜೈವಿಕ ಹತೋಟಿಯ ದಾರಿ ಹುಡುಕಿ ಎಂಬುದಷ್ಟೇ ಅವರ ವಾದ. ಪುಸ್ತಕ ಓದದ ಟೀಕಾಕಾರರು ಇದನ್ನು ಈಗಲೂ ಮರೆಯುತ್ತಾರೆ. ಅಧ್ಯಕ್ಷ ಕೆನಡಿ ಅವರ ವಿಜ್ಞಾನ ಸಲಹಾ ಸಮಿತಿ 1963ರ ಮೇ ತಿಂಗಳ ವರದಿಯಲ್ಲಿ ಕಾರ್ಸನ್ ಅವರ ಕಳವಳವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಜೂನ್‌ನಲ್ಲಿ ಅವರು ಸೆನೆಟ್ ಉಪಸಮಿತಿಯ ಮುಂದೆ ಹಾಜರಾಗಿ ಹೇಳಿಕೆ ನೀಡಿದರು. ಆಗ ಕ್ಯಾನ್ಸರ್ ದೇಹವನ್ನು ವ್ಯಾಪಿಸುತ್ತಿತ್ತು. 1964ರ ಏಪ್ರಿಲ್ 14ರಂದು, 56ನೇ ವಯಸ್ಸಿನಲ್ಲಿ, ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಕೊನೆಯುಸಿರೆಳೆದರು.

ಅಮೆರಿಕ 1972ರಲ್ಲಿ ಕೃಷಿಯಲ್ಲಿ ಡಿಡಿಟಿ ಬಳಕೆ ನಿಷೇಧಿಸಿತು. ಭಾರತದಲ್ಲಿ ಅದಕ್ಕೆ 1989ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಕನ್ನಡಿಗರ ಅಂಗಳದಲ್ಲೇ ಮತ್ತೊಂದು ವಿಷ ಸುರಿಯತೊಡಗಿತ್ತು. ಕಾಸರಗೋಡಿನ ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯಂಥ ಊರುಗಳಲ್ಲಿ ಜೇನು, ಮೀನುಗಳು ಇಲ್ಲವಾದವೆಂದು ಜನ ದೂರಿದರು. ಆಮೇಲೆ ಮಕ್ಕಳ ಅಂಗವೈಕಲ್ಯ ಕಣ್ಣಿಗೆ ಬಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ಅದರ ತಯಾರಿಕೆ, ಮಾರಾಟಗಳಿಗೆ ತಡೆ ನೀಡಿತು.

ಕಾರ್ಸನ್ ಕಲ್ಪಿಸಿದ್ದ ವಿಷದ ಮಕರಂದವೂ ಕಲ್ಪನೆಯಾಗಿ ಉಳಿಯಲಿಲ್ಲ. ತೊಂಬತ್ತರ ದಶಕದಲ್ಲಿ ಮಾರುಕಟ್ಟೆಗೆ ಬಂದ ಇಮಿಡಾಕ್ಲೋಪ್ರಿಡ್ ಮತ್ತು ಅದರ ಬಳಗದ ಔಷಧಿಗಳು ಬೀಜದಿಂದ ಗಿಡಕ್ಕೆ, ಗಿಡದಿಂದ ಹೂವಿನ ಪರಾಗ, ಮಕರಂದಗಳಿಗೆ ಏರುತ್ತವೆ. ಜೇನಿಗೆ ಅಪಾಯವೆಂದು ಯುರೋಪ್ ಒಕ್ಕೂಟವು 2018ರಲ್ಲಿ ಇವುಗಳ ಪೈಕಿ ಮೂರನ್ನು ಬಯಲು ಹೊಲಗಳಲ್ಲಿ ಬಳಸದಂತೆ ನಿಷೇಧಿಸಿತು. ಶಹಾಪುರ, ಸುರಪುರದ ಕಡೆ ಹತ್ತಿ ಬಿತ್ತುವವರ ಬೆರಳಿಗೆ ಅಂಟುವ ಬಣ್ಣ ಇಂಥ ಔಷಧಿಯನ್ನು ಬೀಜಕ್ಕೆ ಲೇಪಿಸಿರುವುದರ ಗುರುತು.