ಕಂಪನದ ಗುಟ್ಟು ಬಿಡಿಸಿದ ಡಫಿಂಗ್

ಕಟ್ಟಡ, ಯಂತ್ರಗಳ ಅಪಾಯಕಾರಿ ಕಂಪನವನ್ನು ಅಡಗಿಸಲು ಹೊರಟ ಸಂಶೋಧಕರು ಇಂದಿಗೂ ಜಾರ್ಜ್ ಡಫಿಂಗ್ ಅವರ ಸಮೀಕರಣದ ಮೊರೆ ಹೋಗುತ್ತಾರೆ.

1861ರಲ್ಲಿ ಇಂದಿನ ಜರ್ಮನಿಯ ವಾಲ್ಡ್ಸ್‌ಹೂಟ್‌ನಲ್ಲಿ ಜನಿಸಿದ ಡಫಿಂಗ್ ವೃತ್ತಿಯಿಂದ ಎಂಜಿನಿಯರ್. ಮಾಮೂಲಿ ಸ್ಪ್ರಿಂಗಿಗೆ ಕಟ್ಟಿದ ಭಾರ ಒಂದೇ ನಿಶ್ಚಿತ ಆವೃತ್ತಿಯಲ್ಲಿ ತೂಗುತ್ತದೆ. 1909ರಲ್ಲಿ ಹರ್ಮನ್ ಫ್ರಾಮ್ ಪೇಟೆಂಟ್ ಕೋರಿದ ಕಂಪನ ಹೀರುಕವೂ ಆ ಆವೃತ್ತಿಯ ಆಸುಪಾಸಿನಲ್ಲಷ್ಟೇ ಉಪಯುಕ್ತ. ಆದರೆ ಎಳೆದಷ್ಟೂ ಬಿಗಿಯಾಗುವ ಸ್ಪ್ರಿಂಗಿನಲ್ಲಿ, ತೂಗಾಟ ಹೆಚ್ಚಿದಂತೆ ಆವೃತ್ತಿಯೂ ಬದಲಾಗುತ್ತದೆ. ಎಂಜಿನಿಯರುಗಳಿಗೆ ತಲೆನೋವಾಗಿದ್ದ ಈ ವರ್ತನೆಯನ್ನು ಡಫಿಂಗ್ 1918ರಲ್ಲಿ, ಮಹಾಯುದ್ಧದ ಕಾಲದಲ್ಲೇ, ಗ್ರಂಥವೊಂದರ ಮೂಲಕ ಗಣಿತದ ಚೌಕಟ್ಟಿಗೆ ತಂದರು. ಆಗ ಅವರ ವಯಸ್ಸು 57ರ ಆಸುಪಾಸು.

1944ರಲ್ಲಿ, ಮತ್ತೊಂದು ಮಹಾಯುದ್ಧದ ನಡುವೆ, ಡಫಿಂಗ್ ಶ್ವೆಟ್ ಪಟ್ಟಣದಲ್ಲಿ ನಿಧನರಾದರು. ಅವರು ವಿವರಿಸಿದ ತಲೆನೋವೇ ಮುಂದೆ ಮದ್ದಾಯಿತು. ನಿಶ್ಚಿತ ಆವೃತ್ತಿಯೇ ಇಲ್ಲದ ಇಂತಹ ಸ್ಪ್ರಿಂಗಿಗೆ ಸಣ್ಣ ಭಾರ ಜೋಡಿಸಿದರೆ, ಅದು ಕಂಪನದ ಶಕ್ತಿಯನ್ನು ಹೀರಿ, ಬಹುಪಾಲು ಹಿಂದಿರುಗಿಸದೆ, ಡ್ಯಾಂಪರಿನಲ್ಲಿ ಶಾಖವಾಗಿ ಕರಗಿಸಬಲ್ಲದೆಂದು 2001ರಲ್ಲಿ ವಕಾಕಿಸ್, ಗೆಂಡೆಲ್‌ಮನ್ ಮತ್ತಿತರರು ತೋರಿಸಿದರು. ಕಂಪನ ಒಂದು ಮಿತಿ ದಾಟಿದರೆ ಮಾತ್ರ ಅದು ಎಚ್ಚೆತ್ತುಕೊಳ್ಳುತ್ತದೆ ಎಂಬುದೇ ಕೊರತೆ.

ತಮ್ಮ ಗಣಿತದ ಈ ಫಲವನ್ನು ಡಫಿಂಗ್ ಕಾಣಲಿಲ್ಲ. ಸಮೀಕರಣ ಮಾತ್ರ ಅವರ ಹೆಸರನ್ನು ಉಳಿಸಿಕೊಂಡಿದೆ.