ವಾನ್ ನ್ಯೂಮನ್ ಮತ್ತು ನಮ್ಮ ರೀಬೂಟ್

ಕಳೆದ ಸೆಮಿಸ್ಟರ್‌ನಲ್ಲಿ ನನಗೆ ಲಿನಕ್ಸ್ ಕರ್ನಲ್ ಕಂಪೈಲ್ ಮಾಡೋ ಹುಚ್ಚು ಹಿಡಿದಿತ್ತು. ಒಂದು ಲೈನ್ ಬದಲಾಯಿಸಿದ್ರೂ ರೀಬೂಟ್ ಮಾಡಿ ಕಾಯಬೇಕು. ಆಗ ಸೀನಿಯರ್ ಒಬ್ಬರು ಕೆಎಕ್ಸೆಕ್ ಅನ್ನೋ ಕಮಾಂಡ್ ತೋರಿಸಿದ್ರು. ಓಡ್ತಾ ಇರೋ ಕರ್ನಲ್ಲೇ ಹೊಸ ಕರ್ನಲ್‌ನ ಇಮೇಜನ್ನು ಮೆಮರಿಗೆ ತುಂಬಿಕೊಂಡು, ನೇರವಾಗಿ ಅದಕ್ಕೆ ಜಿಗಿಯುತ್ತೆ. ಬಯೋಸ್ ಇಲ್ಲ, ಬೂಟ್‌ಲೋಡರ್ ಇಲ್ಲ. ಜಿಗಿಯೋ ಕ್ಷಣದವರೆಗೂ ಆ ಇಮೇಜ್ ಬರೀ ಡೇಟಾ. ಜಿಗಿದ ಮೇಲೆ ಅದೇ ಪ್ರೋಗ್ರಾಂ.

ಡೇಟಾ, ಪ್ರೋಗ್ರಾಂ ಎರಡೂ ಒಂದೇ ಮೆಮರಿಯಲ್ಲಿ ಇರಬಹುದು ಅನ್ನೋ ಯೋಚನೆಗೆ ನಾವು ಪರೀಕ್ಷೆಯಲ್ಲಿ ಬರೆಯೋ ಹೆಸರು ಜಾನ್ ವಾನ್ ನ್ಯೂಮನ್. ಡಯಾಗ್ರಾಂ ಎಲ್ಲರಿಗೂ ಬಾಯಿಪಾಠ. ಆದರೆ ಆ ಮನುಷ್ಯ ಯಾರು?

ಅವರು ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ತಂದೆ ಬ್ಯಾಂಕಿನಲ್ಲಿದ್ದವರು. ಮಗನಿಗೆ ಗಣಿತದ ಮೇಲೆ ಪ್ರಾಣ, ಅಪ್ಪನಿಗೆ ಗಣಿತದಿಂದ ಹೊಟ್ಟೆ ತುಂಬುತ್ತಾ ಅನ್ನೋ ಚಿಂತೆ. ನಮ್ಮ ಮನೆಗಳ ಕಥೆಯೇ! ಕೊನೆಗೆ ಎರಡನ್ನೂ ಓದಿದರು. 1926ರಲ್ಲಿ ಜ್ಯೂರಿಕ್‌ನಿಂದ ಕೆಮಿಕಲ್ ಇಂಜಿನಿಯರಿಂಗ್ ಡಿಪ್ಲೊಮಾ, ಅದೇ ವರ್ಷ ಬುಡಾಪೆಸ್ಟ್‌ನಿಂದ ಗಣಿತದಲ್ಲಿ ಡಾಕ್ಟರೇಟ್. 1930ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋದರು. 1933ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್‌ಡ್ ಸ್ಟಡಿಯಲ್ಲಿ ಪ್ರೊಫೆಸರ್ ಆದಾಗ ವಯಸ್ಸು ಬರೀ 29.

ಎರಡನೇ ಮಹಾಯುದ್ಧದಲ್ಲಿ ಅಣುಬಾಂಬ್ ಯೋಜನೆಗೆ ಕೆಲಸ ಮಾಡಿದರು. ನಾಗಸಾಕಿಯ ಮೇಲೆ ಬಿದ್ದ ಬಾಂಬ್‌ನ ಲೆಕ್ಕದಲ್ಲಿ ಅವರ ಕೈಯೂ ಇತ್ತು. ಇದನ್ನು ಬಿಟ್ಟು ಅವರ ಕಥೆ ಹೇಳೋದು ಸರಿಯಲ್ಲ.

1944ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಕರ್ಟ್ ಮತ್ತು ಮಾಕ್ಲಿ ಕಟ್ಟುತ್ತಿದ್ದ ಎನಿಯಾಕ್ ಯಂತ್ರದ ವಿಷಯ ಅವರಿಗೆ ಗೊತ್ತಾಯಿತು. ಅದರಲ್ಲಿ ಸುಮಾರು 18,000 ವ್ಯಾಕ್ಯೂಮ್ ಟ್ಯೂಬ್‌ಗಳು. ಹೊಸ ಲೆಕ್ಕ ಕೊಡಬೇಕಂದ್ರೆ ವೈರ್ ಕಿತ್ತು ಬೇರೆ ಕಡೆ ಚುಚ್ಚಿ, ಸ್ವಿಚ್‌ಗಳನ್ನು ತಿರುಗಿಸಬೇಕು. ಇದಕ್ಕೇ ದಿನಗಟ್ಟಲೆ ಬೇಕು. ಮುಂದಿನ ಯಂತ್ರವಾದ ಎಡ್ವ್ಯಾಕ್‌ನಲ್ಲಿ ಪ್ರೋಗ್ರಾಂ ಅನ್ನೂ ಮೆಮರಿಯಲ್ಲೇ ಇಡೋಣ ಅಂತ ತಂಡದಲ್ಲಿ ಚರ್ಚೆ ನಡೀತಿತ್ತು. ವಾನ್ ನ್ಯೂಮನ್ ಅದನ್ನೆಲ್ಲ ತರ್ಕಬದ್ಧವಾಗಿ ಜೋಡಿಸಿ ಒಂದು ಕರಡು ವರದಿ ಬರೆದರು. 1945ರ ಜೂನ್ 30ರಂದು ಅದು ಹೊರಬಂದಾಗ ಮುಖಪುಟದಲ್ಲಿ ಇದ್ದದ್ದು ಅವರೊಬ್ಬರ ಹೆಸರು. ಹಂಚಿದ್ದು ಸಹೋದ್ಯೋಗಿ ಗೋಲ್ಡ್‌ಸ್ಟೈನ್. ಎಕರ್ಟ್, ಮಾಕ್ಲಿ ತುಂಬಾ ನೊಂದುಕೊಂಡರು. ವಿಷಯ ಆಗಲೇ ಎಲ್ಲರ ಕೈ ಸೇರಿದ್ದರಿಂದ ಪೇಟೆಂಟ್‌ನ ಆಸೆಯೂ ಹೋಯಿತು. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ರಿಪೋರ್ಟ್ ಬರೆದವನ ಹೆಸರು ಮಾತ್ರ ಉಳಿಯೋದು ಅಂದ್ರೆ ಏನು ಅಂತ ನಮಗೂ ಗೊತ್ತಲ್ವಾ?

ಆದರೆ ಇನ್ನೊಂದು ಮುಖವೂ ಇದೆ. ಮುಂದೆ ಪ್ರಿನ್ಸ್‌ಟನ್‌ನಲ್ಲಿ ತಾವೇ ಕಟ್ಟಿಸಿದ ಕಂಪ್ಯೂಟರ್‌ನ ವಿನ್ಯಾಸವನ್ನು ಅವರು ಬಚ್ಚಿಡಲಿಲ್ಲ, ಕೇಳಿದವರಿಗೆಲ್ಲ ಸಿಗೋ ಹಾಗೆ ಮಾಡಿದರು. ಅದನ್ನು ನೋಡಿ ಬೇರೆ ಬೇರೆ ಕಡೆ ಎಷ್ಟೋ ಯಂತ್ರಗಳು ಹುಟ್ಟಿದವು. ಅದರ ಮೆಮರಿ 40 ಬಿಟ್‌ನ 1,024 ಪದಗಳು, ಅಂದ್ರೆ ಬರೀ 5 ಕೆಬಿ! ಇವತ್ತಿನ ಒಂದು ಕರ್ನಲ್ ಇಮೇಜ್ ಹಲವು ಎಂಬಿ ಇರುತ್ತೆ.

1955ರಲ್ಲಿ ಅವರಿಗೆ ಕ್ಯಾನ್ಸರ್ ಇರೋದು ಗೊತ್ತಾಯಿತು. ಆಸ್ಪತ್ರೆಯಲ್ಲೂ ಕಂಪ್ಯೂಟರ್ ಮತ್ತು ಮೆದುಳನ್ನು ಹೋಲಿಸೋ ಉಪನ್ಯಾಸಗಳನ್ನು ಬರೀತಿದ್ದರು. ಅದು ಮುಗಿಯಲಿಲ್ಲ. ಓದಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತಿದ್ದ ಆ ತಲೆ ನಿಧಾನವಾಗಿ ಕೈಕೊಟ್ಟಿತು. ಸಾವಿಗೆ ತುಂಬಾ ಹೆದರಿದ್ದರಂತೆ. 1957ರ ಫೆಬ್ರವರಿ 8ರಂದು, 53ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೆಎಕ್ಸೆಕ್ ಲಿನಕ್ಸ್‌ಗೆ ಸೇರಿದ್ದು 2005ರಲ್ಲಿ, 2.6.13 ಆವೃತ್ತಿಯಲ್ಲಿ. ಜೊತೆಗೇ ಬಂದದ್ದು ಕೆಡಂಪ್: ಕರ್ನಲ್ ಕುಸಿದರೆ, ಮೊದಲೇ ಮೆಮರಿಯಲ್ಲಿ ಕಾದಿಟ್ಟ ಇನ್ನೊಂದು ಕರ್ನಲ್ ಎದ್ದು, ಸತ್ತದ್ದರ ಮೆಮರಿಯನ್ನು ಉಳಿಸಿಕೊಡುತ್ತೆ. ಇದರ ಕೆಲಸದಲ್ಲಿ ನಮ್ಮ ಬೆಂಗಳೂರಿನ ಐಬಿಎಂ ಇಂಜಿನಿಯರ್‌ಗಳೂ ಇದ್ದರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸಕ್ಕೆ ಹೋಗೋ ನಮ್ಮಲ್ಲಿ ಕೆಲವರು ನಾಳೆ ಇದನ್ನೇ ಬಳಸ್ತೀವಿ.

ಮನುಷ್ಯರಿಗೆ ಕೆಡಂಪ್ ಇಲ್ಲ. ಬರೆದು, ಹಂಚಿ ಹೋದದ್ದಷ್ಟೇ ಉಳಿಯೋದು. ಹಂಚುವಾಗ ಜೊತೆಗಿದ್ದವರ ಹೆಸರೂ ಇರಲಿ. ಮುಂದಿನ ಸಲ ಆ ಡಯಾಗ್ರಾಂ ಬರೆಯುವಾಗ ಎಕರ್ಟ್, ಮಾಕ್ಲಿ ಅವರನ್ನೂ ಒಮ್ಮೆ ನೆನೆಸಿಕೊಳ್ಳೋಣ.