ನಿಕೊಲಾಯ್ ಬರ್ನ್‌ಸ್ಟೈನ್: ಅಭ್ಯಾಸ ಎಂದರೇನೆಂದು ಕೇಳಿದ ವೈದ್ಯ

ಕಲಿಕೆಯ ಮನೋವಿಜ್ಞಾನದ ತರಗತಿಯಲ್ಲಿ ಪಾವ್ಲೊವ್, ಥಾರ್ನ್‌ಡೈಕ್, ಸ್ಕಿನ್ನರ್ ಅವರ ಹೆಸರುಗಳನ್ನು ನಾವು ತಪ್ಪದೆ ಹೇಳುತ್ತೇವೆ. ಕೌಶಲವೊಂದು ಕೈಗೆ ಹೇಗೆ ಹತ್ತುತ್ತದೆ ಎಂಬುದನ್ನೇ ಜೀವಮಾನವಿಡೀ ಹುಡುಕಿದ ನಿಕೊಲಾಯ್ ಬರ್ನ್‌ಸ್ಟೈನ್ ಅವರ ಹೆಸರು ಮಾತ್ರ ಅಪರೂಪ. ಮಕ್ಕಳಿಗೆ ಬರೆಯಲು, ಓಡಲು, ತಾಳ ಹಾಕಲು ಕಲಿಸುವ ಪ್ರತಿಯೊಬ್ಬರೂ ಅವರ ಬದುಕನ್ನು ತಿಳಿಯಬೇಕೆಂದು ನನಗೆ ಅನಿಸುತ್ತದೆ.

ಬರ್ನ್‌ಸ್ಟೈನ್ 1896ರಲ್ಲಿ ಮಾಸ್ಕೊದಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಮನೋವೈದ್ಯರು. ಚಿಕ್ಕಪ್ಪ ಸೆರ್ಗೇಯ್ ಹೆಸರಾಂತ ಗಣಿತಜ್ಞರು. ಮನೆಯಲ್ಲಿದ್ದ ಈ ಎರಡು ವಿದ್ಯೆಗಳೂ ಮುಂದೆ ಅವರ ಕೆಲಸದಲ್ಲಿ ಒಂದಾದವು. ಮಾಸ್ಕೊ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ಕೆಲಕಾಲ ಸೈನ್ಯದಲ್ಲಿ ವೈದ್ಯರಾಗಿದ್ದು, 1922ರಲ್ಲಿ ಮಾಸ್ಕೊದ ಕೇಂದ್ರೀಯ ಶ್ರಮ ಸಂಸ್ಥೆಯನ್ನು ಸೇರಿದರು.

ಕಾರ್ಮಿಕರ ಕೈಚಲನೆಗೆ ಒಂದು ಸರಿಯಾದ ಮಾದರಿಯನ್ನು ಗೊತ್ತುಮಾಡಿ, ಅದನ್ನೇ ಎಲ್ಲರಿಗೂ ರೂಢಿಮಾಡಿಸುವುದು ಆ ಸಂಸ್ಥೆಯ ಗುರಿಯಾಗಿತ್ತು. ಬರ್ನ್‌ಸ್ಟೈನ್ ಕೆಲಸಗಾರರ ಕೀಲುಗಳಿಗೆ ಪುಟ್ಟ ವಿದ್ಯುತ್ ದೀಪಗಳನ್ನು ಕಟ್ಟಿ, ಸುತ್ತಿಗೆ ಬೀಸುವುದನ್ನು ಚಿತ್ರಿಸಿ ಅಳೆದರು. ಪಳಗಿದ ಕೈಯ ಸುತ್ತಿಗೆಯ ತುದಿ ಪ್ರತಿ ಏಟಿಗೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳು ಸಾಗಿದ ದಾರಿ ಪ್ರತಿಸಲವೂ ಬೇರೆಯಾಗಿತ್ತು. ಎಲ್ಲರೂ ಹುಡುಕುತ್ತಿದ್ದ ಆ ಒಂದೇ ಮಾದರಿ, ನುರಿತವರ ಕೈಯಲ್ಲೇ ಇರಲಿಲ್ಲ!

ಇದಕ್ಕೆ ಕಾರಣವನ್ನು ತರಗತಿಯಲ್ಲೇ ತೋರಿಸಬಹುದು. ತೋರುಬೆರಳ ತುದಿಯನ್ನು ಮೇಜಿನ ಮೇಲೆ ಒತ್ತಿ ಹಿಡಿಯಿರಿ. ಬೆರಳು ಕದಲದಿದ್ದರೂ ಮೊಣಕೈಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಬಹುದು. ಭುಜದಿಂದ ಮಣಿಕಟ್ಟಿನವರೆಗೆ ತೋಳು ಏಳು ಬಗೆಯಲ್ಲಿ ತಿರುಗಬಲ್ಲದು; ಒಂದು ಗುರಿಯನ್ನು ಮುಟ್ಟಲು ಅಷ್ಟೆಲ್ಲ ಬೇಕಿಲ್ಲ. ಈ ಹೆಚ್ಚುವರಿ ಸ್ವಾತಂತ್ರ್ಯವನ್ನು ಹತೋಟಿಗೆ ತರುವುದೇ ಚಲನೆಯ ಮುಖ್ಯ ಸಮಸ್ಯೆ ಎಂದು ಅವರು ಗುರುತಿಸಿದರು. ಹೊಸದಾಗಿ ಕಲಿಯುವವರು ಕೀಲುಗಳನ್ನು ಬಿಗಿಹಿಡಿದು ಸಮಸ್ಯೆಯನ್ನು ಸಣ್ಣದಾಗಿಸಿಕೊಳ್ಳುತ್ತಾರೆ. ಕಲಿತಂತೆಲ್ಲ ಬಿಗಿ ಸಡಿಲುತ್ತದೆ. ಒಂದನೇ ತರಗತಿಯ ಮಗು ಪೆನ್ಸಿಲನ್ನು ಗಟ್ಟಿಯಾಗಿ ಹಿಡಿದು, ಹೆಗಲು ಸೆಟೆಸಿಕೊಂಡು ಬರೆಯುವುದನ್ನು ಕಂಡಾಗ ನನಗೆ ಈ ಮಾತು ನೆನಪಾಗುತ್ತದೆ.

ಅಭ್ಯಾಸದಲ್ಲಿ ನಾವು ಮತ್ತೆ ಮತ್ತೆ ಮಾಡುವುದು ಉತ್ತರವನ್ನಲ್ಲ, ಉತ್ತರ ಹುಡುಕುವ ಕೆಲಸವನ್ನು ಎಂಬುದು ಅವರ ತೀರ್ಮಾನ. ಮಿದುಳು ಆಜ್ಞೆ ಕೊಟ್ಟು ಸುಮ್ಮನಾಗುವುದಿಲ್ಲ. ಇಂದ್ರಿಯಗಳು ತಂದ ಸುದ್ದಿಯಂತೆ ಚಲನೆಯನ್ನು ತಿದ್ದುತ್ತಲೇ ಇರುತ್ತದೆ ಎಂದು ಅವರು 1930ರ ದಶಕದಲ್ಲೇ ವಾದಿಸಿದರು. ಇದು ಪಾವ್ಲೊವ್ ಅವರ ವಿಚಾರಕ್ಕೆ ಎದುರಾಗಿತ್ತು. ಪಾವ್ಲೊವ್ ಅವರನ್ನು ವಿಮರ್ಶಿಸುವ ಒಂದು ಪುಸ್ತಕವನ್ನೂ ಬರೆದಿದ್ದರು. 1936ರಲ್ಲಿ ಪಾವ್ಲೊವ್ ತೀರಿಕೊಂಡಾಗ, ಉತ್ತರ ಕೊಡಬೇಕಾದವರೇ ಇಲ್ಲವೆಂದು ಅದರ ಪ್ರಕಟಣೆಯನ್ನು ನಿಲ್ಲಿಸಿದರೆಂದು ಅವರ ಶಿಷ್ಯರು ದಾಖಲಿಸಿದ್ದಾರೆ.

ಅವರ ವಿರೋಧಿಗಳಲ್ಲಿ ಇಂಥ ಸೌಜನ್ಯ ಇರಲಿಲ್ಲ. 1947ರಲ್ಲಿ ಹೊರಬಂದ ಚಲನೆಯ ರಚನೆ ಕುರಿತ ಗ್ರಂಥಕ್ಕೆ ಮರುವರ್ಷವೇ ಸ್ಟಾಲಿನ್ ಪ್ರಶಸ್ತಿ ಬಂದಿತ್ತು. ಆದರೆ 1950ರ ಹೊತ್ತಿಗೆ ಪಾವ್ಲೊವ್ ಸಿದ್ಧಾಂತ ಸೋವಿಯತ್ ಸರ್ಕಾರದ ಅಧಿಕೃತ ನಿಲುವಾಯಿತು. ಬರ್ನ್‌ಸ್ಟೈನ್ ಖಂಡನೆಗೆ ಗುರಿಯಾಗಿ ಪ್ರಯೋಗಾಲಯವನ್ನೂ ಹುದ್ದೆಯನ್ನೂ ಕಳೆದುಕೊಂಡರು. ಸಾಮಾನ್ಯ ಓದುಗರಿಗಾಗಿ ಚತುರತೆಯ ಬಗ್ಗೆ ಬರೆದಿದ್ದ ಪುಸ್ತಕ ಅಚ್ಚಾಗದೆ ಉಳಿದು, 1991ರಲ್ಲಷ್ಟೇ ಬೆಳಕು ಕಂಡಿತು. ಅವರು ತಮ್ಮ ವಿಚಾರವನ್ನು ಬಿಡಲಿಲ್ಲ. ಪ್ರಯೋಗಾಲಯವಿಲ್ಲದೆಯೂ ಬರೆಯುತ್ತಲೇ ಹೋದರು.

1950ರ ದಶಕದ ಕೊನೆಗೆ ಗಾಳಿ ಬದಲಾಯಿತು. ಮಾಸ್ಕೊದಲ್ಲಿ ಗೆಲ್‌ಫಾಂಡ್, ತ್ಸೆಟ್ಲಿನ್ ಮುಂತಾದ ಗಣಿತಜ್ಞರು ಶರೀರಶಾಸ್ತ್ರಜ್ಞರ ಜೊತೆ ಕುಳಿತು ಚರ್ಚಿಸತೊಡಗಿದರು. ಬರ್ನ್‌ಸ್ಟೈನ್ ಎತ್ತಿದ ಪ್ರಶ್ನೆಗಳು ಅಲ್ಲಿ ಮರುಜೀವ ಪಡೆದವು. 1966ರ ಜನವರಿಯಲ್ಲಿ ಅವರು ನಿಧನರಾದರು. ಮರುವರ್ಷ ಅವರ ಲೇಖನಗಳ ಇಂಗ್ಲಿಷ್ ಅನುವಾದ ಹೊರಬಂದಾಗ, ಮನೋವಿಜ್ಞಾನಿಗಳೂ ಭೌತವಿಜ್ಞಾನಿಗಳೂ ಒಂದೇ ಮೇಜಿನ ಸುತ್ತ ಸೇರಲು ಅದೂ ಒಂದು ಕಾರಣವಾಯಿತು. ಅಮೆರಿಕದ ಟರ್ವೆ, ಕೆಲ್ಸೊ, ಜರ್ಮನಿಯ ಹಾಕೆನ್ ಮೊದಲಾದವರು ದೇಹದ ಚಲನೆಯನ್ನು ಕಾಲದೊಂದಿಗೆ ಬದಲಾಗುವ, ತನ್ನನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆಯಾಗಿ ಅಧ್ಯಯನ ಮಾಡಿದರು. ಎರಡೂ ತೋರುಬೆರಳುಗಳನ್ನು ಒಟ್ಟಿಗೆ ಬಲಕ್ಕೆ, ಒಟ್ಟಿಗೆ ಎಡಕ್ಕೆ ಆಡಿಸುತ್ತ ವೇಗ ಹೆಚ್ಚಿಸಿ. ಒಂದು ಹಂತದಲ್ಲಿ ಅವು ತಾವಾಗಿಯೇ ಒಳಕ್ಕೂ ಹೊರಕ್ಕೂ ಆಡತೊಡಗುತ್ತವೆ. ಈ ಬದಲಾವಣೆಯನ್ನು ವಿವರಿಸುವ ಗಣಿತ ಮಾದರಿ 1985ರಲ್ಲಿ ಪ್ರಕಟವಾಯಿತು.

ನಮ್ಮ ಬೋಧನಾಭ್ಯಾಸಕ್ಕೆ ಇದರಿಂದ ಸಿಗುವುದೇನು? ಅಕ್ಷರ ತಿದ್ದಿಸುವಾಗ ಒಂದೇ ಪುಟವನ್ನು ಇಪ್ಪತ್ತು ಸಲ ಬರೆಸುವುದಕ್ಕಿಂತ ಅದೇ ಅಕ್ಷರವನ್ನು ಮರಳಿನಲ್ಲಿ, ಸ್ಲೇಟಿನಲ್ಲಿ, ಕರಿಹಲಗೆಯಲ್ಲಿ, ದೊಡ್ಡದಾಗಿ, ಚಿಕ್ಕದಾಗಿ ಬರೆಸಬಹುದು: ಗುರಿ ಒಂದೇ ಇರಲಿ, ಸಂದರ್ಭ ಬದಲಾಗಲಿ. ಪ್ರಶಿಕ್ಷಣಾರ್ಥಿಗಳಿಗೂ ಇದೇ ಮಾತು. ಬೋಧನೆ ಸುತ್ತಿಗೆಯ ಏಟಿನಷ್ಟು ಸರಳವಲ್ಲ, ನಿಜ. ಆದರೂ ಒಂದೇ ಪಾಠಯೋಜನೆಯನ್ನು ‘ಎ’ ವಿಭಾಗದಲ್ಲೂ ‘ಬಿ’ ವಿಭಾಗದಲ್ಲೂ ನಡೆಸಿದಾಗ ಎರಡನೆಯದು ಮೊದಲನೆಯದರ ಪಡಿಯಚ್ಚಾಗಲಿಲ್ಲವೆಂದು ಅಂಕ ಕಳೆಯುವ ಮುನ್ನ, ಮಕ್ಕಳು ಉದ್ದೇಶವನ್ನು ಮುಟ್ಟಿದರೇ ಎಂದು ಮೇಲ್ವಿಚಾರಕರಾದ ನಾವು ನೋಡಬೇಕು.